ರಾಜ ಒಡೆಯರವರೂ ಶ್ರೀರಂಗಪಟ್ಟಣದ ನವರಾತ್ರಿಯೂ

ಮೈಸೂರಿನ ದೊರೆಗಳಾದ ರಾಜ ಒಡೆಯರವರು 1552ರಲ್ಲಿ ಜನಿಸಿ 1578ರಲ್ಲಿ ಪಟ್ಟವನ್ನೇರಿದರು. ಆಗ ಮೈಸೂರು ಒಂದು ಸಣ್ಣ ಸೀಮೆ. ವಿಜಯನಗರದ ಪ್ರತಿನಿಧಿಯಾದ ತಿರುಮಲರಾಜನು ಶ್ರೀರಂಗಪಟ್ಟಣದಲ್ಲಿದ್ದು ಕಪ್ಪವನ್ನು ಕೇಳುತ್ತಿದ್ದನು. 1610ರಲ್ಲಿ ಆ ಪಟ್ಟಣವು ಒಡೆಯರ ವಶವಾಯಿತು. 1565ರ ರಕ್ಕಸತಂಗಡಿಯ ಯುದ್ಧದ ತರುವಾಯ ಹಂಪೆಯ ಮಹಾನವಮಿಯ ದಿಬ್ಬವು ಬರಿದಾಗಿದ್ದಿತು. ಆ ಶರತ್ಕಾಲದ ಉತ್ಸವವನ್ನು ಕಾವೇರಿಯ ನಡುಗಡ್ಡೆಯಲ್ಲಿ ನಡೆಯಿಸಬೇಕೆಂದು ದೊರೆಗಳು ಸಂಕಲ್ಪಿಸಿದರು.

ನಾಳೆ ನವರಾತ್ರಿಯ ಆರಂಭವೆನ್ನುವಾಗ ಕುಮಾರ ನರಸರಾಜರು ತೀರಿಕೊಂಡರು. ಒಳಗೆ ಸೂತಕ, ಹೊರಗೆ ಉತ್ಸವದ ಸಿದ್ಧತೆ. ಒಡೆಯರು ಬಲ್ಲವರನ್ನು ವಿಚಾರಿಸಿ ಪೂಜೆಯನ್ನು ನಿಲ್ಲಿಸದೆ ನಡೆಯಿಸಿದರು. ಅರಮನೆಯಲ್ಲಿ ಮರಣವೊದಗಿದರೂ ನವರಾತ್ರಿಯು ನಿಲ್ಲತಕ್ಕುದಲ್ಲವೆಂಬ ಕಟ್ಟಳೆಯು ಅಂದು ಹುಟ್ಟಿತು. ಶಾಸ್ತ್ರವೇನೋ ಸಮ್ಮತಿಸಿತು, ತಂದೆಯ ಕರುಳು ಹೇಗೆ ಸಮ್ಮತಿಸಿತೋ ಹೇಳಬಲ್ಲವರಾರು! ಆ ಒಂಬತ್ತು ದಿನಗಳು ಪಟ್ಟಣದ ಜನರಿಗೆ ಹಬ್ಬವಾಗಿದ್ದುವು; ದೊರೆಗಳಿಗೆ ವ್ರತವೇ ಆಗಿದ್ದಿರಬೇಕು.

ಮೇಲುಕೋಟೆಯ ಚೆಲುವನಾರಾಯಣಸ್ವಾಮಿಗೆ ರಾಜಮುಡಿಯೆಂಬ ರತ್ನಕಿರೀಟವನ್ನೊಪ್ಪಿಸಿದವರೂ ಇವರೇ. 1799ರ ಬಳಿಕ ದಸರೆಯು ಅರಸರೊಡನೆ ಮೈಸೂರಿಗೆ ಹೋಯಿತು. ಅದರ ಮೂಲನೆಲೆಯು ಮಾತ್ರ ಶ್ರೀರಂಗಪಟ್ಟಣವೇ ಸರಿ.

ರಾಜ ಒಡೆಯರವರು 1617ರಲ್ಲಿ ಕಾಲವಾದರು. ಅವರ ತರುವಾಯ ನವರಾತ್ರಿಯ ಒಡ್ಡೋಲಗದಲ್ಲಿ ಕುಳಿತವರು ಅದೇ ನರಸರಾಜರ ಮಗ, ಹದಿನಾಲ್ಕು ವರ್ಷದ ಚಾಮರಾಜ ಒಡೆಯರು.