ದಾಮೋದರಂ ಸಂಜೀವಯ್ಯ

ಮಕ್ಕಳೇ, ಕರ್ನೂಲಿನ ಹತ್ತಿರ ಪೆದ್ದಪಾಡು ಎಂಬ ಹಳ್ಳಿಯಿದೆ. ಅಲ್ಲಿಯ ಬಡ ದಲಿತ ಕುಟುಂಬವೊಂದರಲ್ಲಿ 1921ರ ಫೆಬ್ರವರಿ 14ರಂದು ಸಂಜೀವಯ್ಯನವರು ಹುಟ್ಟಿದರು. ಆಗ ನಮ್ಮ ಆದವಾನಿ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅವರ ತಂದೆ ಮುನಯ್ಯ, ತಾಯಿ ಸುಂಕುಲಮ್ಮ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತಂದೆ ತೀರಿಕೊಂಡರು. ಮನೆಗೆ ತುಂಡು ಹೊಲವೂ ಇರಲಿಲ್ಲ. ತಾಯಿ ಕೂಲಿನಾಲಿ ಮಾಡಿ ಮಗನನ್ನು ಸಾಕಿದರು.

ಸಂಜೀವಯ್ಯನವರು ಕರ್ನೂಲಿನ ಮುನಿಸಿಪಲ್ ಶಾಲೆಯಲ್ಲಿ ಓದಿದರು. ಅನಂತಪುರದ ಕಾಲೇಜಿನಲ್ಲಿ ಗಣಿತ ಕಲಿತು 1942ರಲ್ಲಿ ಪದವಿ ಪಡೆದರು. ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸ ಮಾಡಿದರು. ಆಮೇಲೆ ಮದ್ರಾಸಿಗೆ ಹೋಗಿ ಕಾನೂನು ಓದಿದರು. 1948ರಲ್ಲಿ ಆ ಪದವಿಯೂ ಬಂತು.

ಆ ಕಾಲದಲ್ಲಿ ಬಡವರಿಗೆ ಕೋರ್ಟು ಎಂದರೆ ಭಯ. ಯಾರೋ ಕಳ್ಳತನದ ಸುಳ್ಳು ಆಪಾದನೆ ಹೊರಿಸಿದರು ಎನ್ನಿ. ವಕೀಲರಿಗೆ ಫೀಸು ಕೊಡಲಾಗದವನು ಕಟಕಟೆಯಲ್ಲಿ ಒಬ್ಬನೇ ನಿಲ್ಲಬೇಕಾಗುತ್ತಿತ್ತು. ಅವನ ಪರವಾಗಿ ಮಾತನಾಡುವವರು ಯಾರು? ಅಂಥ ಮನೆಯ ಹುಡುಗನೇ ಕಾನೂನು ಕಲಿತದ್ದು ಸಣ್ಣ ಸಂಗತಿಯಲ್ಲ.

ಆದರೆ ಅವರು ಹೆಚ್ಚು ಕಾಲ ದುಡಿದದ್ದು ರಾಜಕೀಯದಲ್ಲಿ. 1960ರ ಜನವರಿ 11ರಂದು, ಇನ್ನೂ ಮೂವತ್ತೆಂಟನೆಯ ವಯಸ್ಸಿನಲ್ಲಿ, ಆಂಧ್ರಪ್ರದೇಶದ ಮುಖ್ಯಮಂತ್ರಿಯಾದರು. ದೇಶದಲ್ಲಿ ಮುಖ್ಯಮಂತ್ರಿಯಾದ ಮೊದಲ ದಲಿತರು ಅವರೇ. ದಿಕ್ಕಿಲ್ಲದ ಮುದುಕರಿಗೆ ಪಿಂಚಣಿ ಕೊಡುವ ಯೋಜನೆ ತಂದರು. ಇದರ ಬಗ್ಗೆ ನಮ್ಮ ಕಡೆ ಒಂದು ಕಥೆ ಹೇಳುತ್ತಾರೆ. ಮಗ ಖರ್ಚಿಗೆ ಹಣ ಕೊಟ್ಟಾಗ, ಮಕ್ಕಳಿಲ್ಲದ ಮುದುಕಿಯರಿಗೆ ಕೊಡುವವರು ಯಾರು ಎಂದು ತಾಯಿ ಕೇಳಿದರಂತೆ. ಮುಂದೆ ಅವರು ಕೇಂದ್ರದ ಕಾರ್ಮಿಕ ಮಂತ್ರಿಯಾಗಿದ್ದಾಗ, 1965ರಲ್ಲಿ, ಕೆಲಸಗಾರರಿಗೆ ಬೋನಸ್ ಕೊಡುವ ಕಾಯ್ದೆ ಬಂತು.

1972ರ ಮೇ ತಿಂಗಳಲ್ಲಿ ಸಂಜೀವಯ್ಯನವರು ತೀರಿಕೊಂಡರು. ಬಡವರಿಗೆ ಸರ್ಕಾರವೇ ಕಾನೂನಿನ ನೆರವು ಕೊಡಬೇಕೆಂಬ ವಿಧಿ ಸಂವಿಧಾನಕ್ಕೆ ಸೇರಿದ್ದು 1976ರ ತಿದ್ದುಪಡಿಯಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ. 1987ರಲ್ಲಿ ಇದಕ್ಕಾಗಿ ಕಾಯ್ದೆಯಾಯಿತು. 1995ರ ನವೆಂಬರ್ 9ರಂದು ಜಾರಿಗೆ ಬಂತು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕೆಲಸಗಾರರು, ಜೈಲಿನಲ್ಲಿರುವವರು ಇವರಿಗೆಲ್ಲ ಹಣವಿಲ್ಲದೆ ವಕೀಲರು ದೊರೆಯುತ್ತಾರೆ. ಆ ವಕೀಲರ ಫೀಸನ್ನು ಸರ್ಕಾರದ ಹಣದಿಂದ ಕೊಡುತ್ತಾರೆ. ಆದವಾನಿಯ ಹತ್ತಿ ಮಿಲ್ಲಿನಲ್ಲಿ ದುಡಿಯುವವರಿಗೂ ಈ ಹಕ್ಕುಂಟು.

ವಿಶಾಖಪಟ್ಟಣದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೆ ಸಂಜೀವಯ್ಯನವರ ಹೆಸರಿಟ್ಟಿದ್ದಾರೆ. ನಾಳೆ ಬಡವರ ಪರ ವಾದಿಸುವ ಎಷ್ಟೋ ವಕೀಲರು ಅಲ್ಲಿ ಓದುತ್ತಿದ್ದಾರೆ.