ಇಪ್ಪತ್ತೇಳರಲ್ಲಿ ಆರಂಭವಾದ ರೇಖಾಭ್ಯಾಸ

ವಿನ್ಸೆಂಟ್ ವ್ಯಾನ್ ಗೋ ಚಿತ್ರಕಾರನಾಗಲು ನಿಶ್ಚಯಿಸಿದ್ದು 1880ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಅಷ್ಟರಲ್ಲಿ ಕಲಾಕೃತಿ ಮಾರುವ ಸಂಸ್ಥೆಯ ನೌಕರಿ ಹೋಗಿತ್ತು. ಬೆಲ್ಜಿಯಂನ ಬೊರಿನಾಜ್ ಗಣಿಪ್ರದೇಶದ ಧರ್ಮಬೋಧಕ ವೃತ್ತಿಯೂ ಕೈತಪ್ಪಿತ್ತು. ಆ ಗಣಿಕಾರ್ಮಿಕರ ನಡುವೆಯೇ ಇದ್ದು ಶಾರ್ಲ್ ಬಾರ್ಗ್ ರಚಿಸಿದ ಇದ್ದಿಲು ರೇಖಾಭ್ಯಾಸದ ಅರವತ್ತು ಹಾಳೆಗಳನ್ನು ನಕಲು ಮಾಡಿದ. ಮುಗಿಸಿ ಮತ್ತೆ ಮಾಡಿದ. ನಕಲೆಂದರೆ ಮೂಗು ಮುರಿಯುವ ನಮಗೆ ಈ ಶ್ರಮ ಕಾಣುವುದಿಲ್ಲ, ಸೂರ್ಯಕಾಂತಿಗಳಷ್ಟೇ ಕಾಣುತ್ತವೆ. 1882ರಲ್ಲಿ ಹೇಗ್ ನಗರದಲ್ಲಿ ಎಳೆಗಳನ್ನು ಬಿಗಿದ ಚೌಕಟ್ಟೊಂದನ್ನು ಮಾಡಿಸಿಕೊಂಡು, ಅದರ ಮೂಲಕ ದಿಟ್ಟಿಸುತ್ತ ದೂರ–ಸಮೀಪಗಳ ಪ್ರಮಾಣವನ್ನು ಕಣ್ಣಿಗೆ ರೂಢಿಸಿದ. ಹೆಸರಾದ ವರ್ಣಚಿತ್ರಗಳು ಆನಂತರದವು.

1890ರ ಬೇಸಿಗೆಯಲ್ಲಿ, ಫ್ರಾನ್ಸ್‌ನ ಓವೇರ್ ಗ್ರಾಮದಿಂದ, ಬಾರ್ಗ್‌ನ ಅವೇ ಹಾಳೆಗಳನ್ನು ಕಳುಹಿಸುವಂತೆ ತಮ್ಮ ಥಿಯೋಗೆ ಬರೆದ. ಮತ್ತೊಮ್ಮೆ ಅಭ್ಯಾಸ ಮಾಡಬೇಕಿತ್ತಂತೆ. ಜುಲೈ 29ರಂದು ಆತ ತೀರಿಕೊಂಡ.