ಗೊದಮೊಟ್ಟೆಯಲ್ಲಿ ಗಿಡದ ಗುರುತು ಕಂಡ ಥಿಯೋಡರ್ ಷ್ವಾನ್

ಹೈಸ್ಕೂಲ್ ಪ್ರಯೋಗಾಲಯದಲ್ಲಿ ಬಹುತೇಕರು ಮಾಡಿರುವ ಪ್ರಯೋಗವಿದು. ಈರುಳ್ಳಿಯ ತೆಳು ಪೊರೆಗೆ ಸ್ಯಾಫ್ರನಿನ್ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಇಟ್ಟಿಗೆ ಗೋಡೆಯಂತೆ ಸಾಲಾಗಿ ಕೂತ ಕೋಶಗಳು ಕಾಣುತ್ತವೆ. ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದು, ಮೆಥಿಲೀನ್ ಬ್ಲೂ ಹಾಕಿ ನೋಡಿದರೆ ಅಂಕುಡೊಂಕು ಅಂಚಿನ, ಅಲ್ಲಲ್ಲಿ ಚದುರಿದ ತೆಳು ತೇಪೆಗಳು. ಮೊದಲ ನೋಟಕ್ಕೆ ಎರಡಕ್ಕೂ ಸಂಬಂಧವೇ ಇಲ್ಲ ಅನಿಸುತ್ತದೆ. ಎರಡರಲ್ಲೂ ಸಮಾನವಾಗಿ ಕಾಣುವ ಒಂದು ಗಾಢ ಚುಕ್ಕೆಯ ಜಾಡು ಹಿಡಿದು, ಗಿಡವೂ ಪ್ರಾಣಿಯೂ ಒಂದೇ ಬಗೆಯ ಘಟಕಗಳಿಂದ ಆದವು ಎಂದು ತೋರಿಸಿಕೊಟ್ಟವರು ಜರ್ಮನಿಯ ಥಿಯೋಡರ್ ಷ್ವಾನ್. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಆ ಕುರಿತ ಪುಸ್ತಕ ಬಂದ 1839ರಲ್ಲೇ ಅವರು ಜರ್ಮನಿ ಬಿಟ್ಟು ಹೊರಟರು.

ಷ್ವಾನ್ ಹುಟ್ಟಿದ್ದು 1810ರ ಡಿಸೆಂಬರ್ 7ರಂದು, ರೈನ್ ನದಿ ಸೀಮೆಯ ನೊಯ್ಸ್ ಪಟ್ಟಣದಲ್ಲಿ. ತಂದೆ ಅಕ್ಕಸಾಲಿಗ, ಆಮೇಲೆ ಮುದ್ರಣದ ಕೆಲಸ ಹಿಡಿದವರು. ಮನೆಯಲ್ಲಿ ಕ್ಯಾಥೊಲಿಕ್ ಧರ್ಮಶ್ರದ್ಧೆ ಗಟ್ಟಿಯಾಗಿತ್ತು. ಬಾನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಶರೀರವಿಜ್ಞಾನಿ ಯೊಹಾನೆಸ್ ಮ್ಯುಲರ್ ಅವರ ಪರಿಚಯವಾಯಿತು. ಮುಂದೆ ಮ್ಯುಲರ್ ಬರ್ಲಿನ್‌ಗೆ ಹೋದಾಗ ಷ್ವಾನ್ ಕೂಡ ಅಲ್ಲಿ ಸೇರಿಕೊಂಡು, 1834ರಲ್ಲಿ ವೈದ್ಯ ಪದವಿ ಪಡೆದು, ಅಂಗರಚನಾಶಾಸ್ತ್ರದ ಮ್ಯೂಸಿಯಂನಲ್ಲಿ ಅವರ ಸಹಾಯಕರಾದರು. ಸಂಬಳ ತೀರಾ ಕಡಿಮೆ.

ಕೆಲಸ ಮಾತ್ರ ಸಂಬಳಕ್ಕೆ ತಕ್ಕಂತಿರಲಿಲ್ಲ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು. 1836ರಲ್ಲಿ ಜಠರದಲ್ಲಿ ಆಹಾರ ಅರಗಿಸುವ ಪೆಪ್ಸಿನ್ ಅನ್ನು ಗುರುತಿಸಿದರು. ಅದರ ಬೆನ್ನಿಗೇ, ಸಕ್ಕರೆಯ ದ್ರಾವಣ ಹುದುಗಿ ಮದ್ಯವಾಗುವುದಕ್ಕೆ ಅದರೊಳಗೆ ಬೆಳೆಯುವ ಯೀಸ್ಟ್ ಎಂಬ ಜೀವಿಯೇ ಕಾರಣ ಎಂದರು. ಈ ಎರಡನೇ ಮಾತು ಅವರಿಗೆ ಮುಂದೆ ದುಬಾರಿಯಾಯಿತು.

ಗಿಡಗಳಲ್ಲಿ ಕೋಶಗಳಿವೆ ಎಂಬುದು ಆಗ ಹೊಸ ಸಂಗತಿಯೇನಲ್ಲ. ಬೆಂಡಿನ ಚೂರಿನಲ್ಲಿ ರಾಬರ್ಟ್ ಹುಕ್ ಪುಟ್ಟ ಪುಟ್ಟ ಕೋಣೆಗಳನ್ನು ಕಂಡು ಆಗಲೇ 170 ವರ್ಷ ಕಳೆದಿತ್ತು. ತೊಡಕಿದ್ದದ್ದು ಪ್ರಾಣಿಗಳ ವಿಚಾರದಲ್ಲಿ. ಗಿಡದ ಕೋಶಕ್ಕೆ ದಪ್ಪ ಭಿತ್ತಿ ಇರುವುದರಿಂದ ಗಡಿ ಸ್ಪಷ್ಟವಾಗಿ ಕಾಣುತ್ತದೆ. ಪ್ರಾಣಿಯ ಕೋಶಕ್ಕೆ ಇರುವುದು ತೆಳು ಪೊರೆ ಮಾತ್ರ. ಇಂದಿನಂತೆ ಬಣ್ಣ ಹಾಕಿ ನೋಡುವ ಪದ್ಧತಿಯೂ ಆಗ ಬಂದಿರಲಿಲ್ಲ. ಮಾಂಸದ ಚೂರನ್ನು ಮಸೂರದ ಕೆಳಗಿಟ್ಟರೆ ನಾರು, ಹರಳು, ಮಬ್ಬು. ಎಲ್ಲಿ ಯಾವುದು ಶುರು, ಎಲ್ಲಿ ಕೊನೆ ಎಂದು ಹೇಳುವುದೇ ಕಷ್ಟ.

ದಾರಿ ತೋರಿದ್ದು ಊಟದ ಮೇಜಿನ ಹರಟೆ. 1837ರಲ್ಲಿ ಒಂದು ದಿನ ಷ್ವಾನ್ ಜೊತೆ ಊಟಕ್ಕೆ ಕೂತಿದ್ದವರು ಸಸ್ಯವಿಜ್ಞಾನಿ ಮಥಾಯಸ್ ಷ್ಲೈಡನ್. ವಕೀಲಿಕೆ ಬಿಟ್ಟು ಗಿಡಗಳ ಬೆನ್ನು ಹತ್ತಿದ ಮನುಷ್ಯ. ಸ್ಕಾಟ್ಲೆಂಡ್‌ನ ರಾಬರ್ಟ್ ಬ್ರೌನ್ ಆರ್ಕಿಡ್‌ನಲ್ಲಿ ಗುರುತಿಸಿ ಹೆಸರಿಟ್ಟಿದ್ದ ಕೋಶಕೇಂದ್ರವೇ ಸಸ್ಯಕೋಶದ ಹುಟ್ಟಿನಲ್ಲಿ ಮುಖ್ಯ ಪಾತ್ರ ವಹಿಸುತ್ತದೆ ಎಂದು ಷ್ಲೈಡನ್ ವಿವರಿಸುತ್ತಿದ್ದರು. ಕೇಳುತ್ತಿದ್ದ ಷ್ವಾನ್‌ಗೆ ಥಟ್ಟನೆ ನೆನಪಾಯಿತು. ಬೆನ್ನೆಲುಬಿಗೂ ಮೊದಲು ಭ್ರೂಣದ ಬೆನ್ನಿನುದ್ದಕ್ಕೂ ಮೂಡುವ ಮೆತ್ತನೆಯ ದಂಡ ನೋಟೋಕಾರ್ಡ್‌ನಲ್ಲಿ ಅಂಥದ್ದೇ ಒಂದನ್ನು ಅವರು ನೋಡಿದ್ದರು. ಇಬ್ಬರೂ ಹೊತ್ತು ಕಳೆಯದೆ ಷ್ವಾನ್ ಕೆಲಸ ಮಾಡುತ್ತಿದ್ದಲ್ಲಿಗೆ ಹೋದರು. ಮೈಕ್ರೋಸ್ಕೋಪ್‌ನಲ್ಲಿ ಇಣುಕಿದ ಷ್ಲೈಡನ್, ತಮ್ಮ ಗಿಡಗಳಲ್ಲಿದ್ದ ಕೇಂದ್ರ ಇದೇ ಎಂದು ಒಪ್ಪಿದರು.

ಇಲ್ಲಿಂದ ಮುಂದಿನದ್ದು ಷ್ವಾನ್ ಅವರ ನಿಜವಾದ ಜಾಣ್ಮೆ. ಗಡಿ ಕಾಣದಿದ್ದರೆ ಕೇಂದ್ರವನ್ನು ಹುಡುಕು ಎಂಬುದು ಅವರ ಉಪಾಯ. ಮೊದಲು ಆರಿಸಿಕೊಂಡದ್ದು ಗೊದಮೊಟ್ಟೆಯ ನೋಟೋಕಾರ್ಡ್ ಮತ್ತು ಮೃದ್ವಸ್ಥಿಯನ್ನು. ಪ್ರಾಣಿದೇಹದಲ್ಲಿ ಕೋಶಗಳು ಗಿಡದ ಕೋಶಗಳಂತೆ ಒತ್ತೊತ್ತಾಗಿ, ಗೆರೆ ಕೊರೆದ ಹಾಗೆ ಕಾಣುವ ಜಾಗಗಳವು. ಅಲ್ಲಿ ಹೋಲಿಕೆ ಖಚಿತವಾದ ಮೇಲೆ ಉಗುರು, ಗರಿ, ಹಲ್ಲು, ಸ್ನಾಯು, ನರ ಹೀಗೆ ಒಂದೊಂದನ್ನೇ ಪರೀಕ್ಷಿಸಿದರು. ಬಲಿತ ಸ್ನಾಯುವಿನಲ್ಲಿ ಕೋಶದ ರೂಪ ಉಳಿದಿರುವುದಿಲ್ಲ. ಹಾಗಾಗಿ ಭ್ರೂಣದಲ್ಲಿ ಅದು ಹೇಗೆ ಶುರುವಾಗುತ್ತದೆ ಎಂದು ಹಿಂದಕ್ಕೆ ಹೋಗಿ ನೋಡಿದರು. ಮೊಟ್ಟೆಯನ್ನೂ ಒಂದು ಕೋಶವೆಂದೇ ಎಣಿಸಿದರು. ನರತಂತುವಿನ ಸುತ್ತ ಕಂಡ ಹೊದಿಕೆಯ ಕೋಶಗಳಿಗೆ ಇಂದಿಗೂ ಷ್ವಾನ್ ಕೋಶಗಳೆಂದೇ ಹೆಸರು.

ಎಲ್ಲವೂ ಸರಿಯಿತ್ತು ಎಂದಲ್ಲ. ಉಪ್ಪಿನ ಹರಳು ಕಟ್ಟುವ ಹಾಗೆ, ಆಕಾರವಿಲ್ಲದ ದ್ರವದಿಂದ ಕೋಶಗಳು ತಾವಾಗಿಯೇ ಮೂಡುತ್ತವೆ ಎಂದು ಅವರು ನಂಬಿದ್ದರು. ಇರುವ ಕೋಶ ಒಡೆದೇ ಹೊಸ ಕೋಶ ಹುಟ್ಟುವುದು ಎಂದು 1850ರ ದಶಕದಲ್ಲಿ ಅದನ್ನು ತಿದ್ದಿದವರು ಮ್ಯುಲರ್ ಅವರ ಇನ್ನಿಬ್ಬರು ಶಿಷ್ಯರು, ರಾಬರ್ಟ್ ರೆಮಾಕ್ ಮತ್ತು ರುಡಾಲ್ಫ್ ಫಿರ್ಕೋ.

ಆದರೆ ಷ್ವಾನ್‌ಗೆ ಪೆಟ್ಟು ಬಿದ್ದದ್ದು ಈ ತಪ್ಪಿನಿಂದಲ್ಲ, ಸರಿಯಾಗಿದ್ದ ಯೀಸ್ಟ್ ಪ್ರಯೋಗದಿಂದ! ಜರ್ಮನಿಯ ಹೆಸರಾಂತ ರಸಾಯನವಿಜ್ಞಾನಿಗಳಾದ ಲೀಬಿಗ್ ಮತ್ತು ವ್ಯೋಲರ್ ಅವರ ಪತ್ರಿಕೆಯಲ್ಲಿ 1839ರಲ್ಲಿ ಹೆಸರಿಲ್ಲದ ವಿಡಂಬನೆಯೊಂದು ಪ್ರಕಟವಾಯಿತು. ಯೀಸ್ಟ್ ಅನ್ನು ಸಕ್ಕರೆ ತಿಂದು ಹಿಂಬದಿಯಿಂದ ಮದ್ಯ ವಿಸರ್ಜಿಸುವ ಪುಟ್ಟ ಪ್ರಾಣಿಯಂತೆ ಚಿತ್ರಿಸಿದ ಬರಹವದು. ಹುದುಗುವಿಕೆ ಬರೀ ರಾಸಾಯನಿಕ ಕ್ರಿಯೆ ಎಂಬುದು ದೊಡ್ಡವರ ನಿಲುವು. ಅದನ್ನು ಎದುರಿಸಿ ನಿಲ್ಲುವ ಸ್ವಭಾವ ಸಂಕೋಚದ ಷ್ವಾನ್ ಅವರದ್ದಲ್ಲ. ಬಾನ್‌ನಲ್ಲಿ ಬಯಸಿದ್ದ ಹುದ್ದೆಯೂ ಕೈಗೆ ಬರಲಿಲ್ಲ. ಬೆಲ್ಜಿಯಂನ ಲೂವೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಕರೆದಾಗ ಹೊರಟೇಬಿಟ್ಟರು. 1848ರಲ್ಲಿ ಅಲ್ಲಿಂದ ಲೀಜ್‌ಗೆ ಹೋದರು.

ಬರ್ಲಿನ್‌ನ ಐದು ವರ್ಷಗಳ ವೇಗ ಆಮೇಲೆ ಅವರಲ್ಲಿ ಕಾಣಲಿಲ್ಲ. ಜೀರ್ಣಕ್ರಿಯೆಗೆ ಪಿತ್ತರಸ ಬೇಕೇಬೇಕು ಎಂದು ತೋರಿಸಿದರು, ಗಣಿಗಳಲ್ಲಿ ರಕ್ಷಣೆಗೆ ಇಳಿಯುವವರಿಗಾಗಿ ಉಸಿರಾಟದ ಉಪಕರಣ ರೂಪಿಸಿದರು, ವರ್ಷಗಟ್ಟಲೆ ಪಾಠ ಮಾಡಿದರು. 1845ರಲ್ಲಿ ಲಂಡನ್‌ನ ರಾಯಲ್ ಸೊಸೈಟಿ ಕೊಪ್ಲೆ ಪದಕ ನೀಡಿತು. ಹುದುಗುವಿಕೆ ಜೀವಿಗಳದ್ದೇ ಕೆಲಸ ಎಂದು 1857ರ ನಂತರ ಫ್ರಾನ್ಸ್‌ನ ಲೂಯಿ ಪ್ಯಾಶ್ಚರ್ ಸಾಧಿಸಿ ತೋರಿಸುವ ಹೊತ್ತಿಗೆ ಷ್ವಾನ್ ಆ ವಿಷಯದಿಂದ ದೂರ ಸರಿದು ಬಹಳ ಕಾಲವಾಗಿತ್ತು.

1878ರಲ್ಲಿ ಲೀಜ್‌ನಲ್ಲಿ ನಡೆದ ಸನ್ಮಾನದಲ್ಲಿ, ನಾನಾ ದೇಶಗಳ ವಿಜ್ಞಾನಿಗಳು ಸಹಿ ಹಾಕಿದ 263 ಭಾವಚಿತ್ರಗಳ ಸಂಪುಟವನ್ನು ಅವರಿಗೆ ಕೊಡಲಾಯಿತು. 1882ರ ಜನವರಿ 11ರಂದು ಕೊಲೋನ್‌ನಲ್ಲಿ ಷ್ವಾನ್ ನಿಧನರಾದರು.